ಬೆಳಗಾವಿಯಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಹುಡುಕುವ ಬಗೆ

ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಮೆಕ್ಸಿಕೊದ ಊಟವನ್ನು ಅಳೆಯುವ ತಿಳಿವಳಿಕೆ ಆಗಲೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ. ಹಿಟ್ಟು ಹದವಾಗಿ ನಾದಲಾಗಿತ್ತೇ, ಹಂಚು ಸಾಕಷ್ಟು ಕಾದಿತ್ತೇ, ತಟ್ಟೆಗೆ ಬಂದ ರೊಟ್ಟಿ ಈಗ ಬೇಯಿಸಿದ್ದೋ ಮುಂಜಾನೆಯದೋ ಎಂಬುದನ್ನು ನಮ್ಮ ಕಡೆಯ ಸಣ್ಣ ಮಕ್ಕಳೂ ಒಂದು ತುತ್ತಿನಲ್ಲಿ ಹೇಳುತ್ತಾರೆ. ಮೆಕ್ಸಿಕೊದ ರೊಟ್ಟಿಯಾದ ಟೋರ್ಟಿಯಾವನ್ನು ಅಳೆಯಬೇಕಾದದ್ದೂ ಇದೇ ಪ್ರಶ್ನೆಗಳಿಂದ. ಆದರೂ ಬೆಳಗಾವಿಯ ಕೆಫೆಯೊಂದರಲ್ಲಿ ಟೋರ್ಟಿಯಾದಲ್ಲಿ ಹೂರಣವಿಟ್ಟು ಮಡಚಿದ ಟ್ಯಾಕೊ, ಸುತ್ತಿದ ಬುರ್ರಿಟೊ ಎಂಬ ಹೆಸರುಗಳು ಕಂಡೊಡನೆ ನಾವು ಆ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟು, ಮೊಬೈಲಿನ ನಕ್ಷತ್ರಗಳನ್ನು ಎಣಿಸತೊಡಗುತ್ತೇವೆ. ಕೆಲವು ವರ್ಷಗಳಿಂದ ಈ ಊರಿನಲ್ಲಿ ಮೆಕ್ಸಿಕನ್ ತಿನಿಸು ಸಿಗುವ ಸ್ಥಳಗಳನ್ನು ಒಂದೊಂದಾಗಿ ನೋಡುತ್ತ ಬಂದಿರುವ ನಾನು, ಒಳ್ಳೆಯದನ್ನು ಗುರುತಿಸಲು ಯಾವುದನ್ನು ನೋಡಬೇಕು, ಏನನ್ನು ಕೇಳಬೇಕು, ಮೊದಲ ಸಲ ಏನನ್ನು ತರಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅಂಗಡಿಗಳ ಹೆಸರನ್ನು ಕೊಟ್ಟಿಲ್ಲ. ಅಡುಗೆಯವರು ಬದಲಾದ ತಿಂಗಳಲ್ಲೇ ಕೆಫೆಯ ರುಚಿಯೂ ಬದಲಾಗುತ್ತದೆ, ಆದರೆ ಪರೀಕ್ಷಿಸುವ ಕ್ರಮ ಬದಲಾಗುವುದಿಲ್ಲ.

ನಮ್ಮ ಊರಿನಲ್ಲಿ ಈ ಅಡುಗೆ ಹೆಚ್ಚಾಗಿ ಸಿಗುವುದು ಮೆಕ್ಸಿಕನ್ ಎಂದೇ ಫಲಕ ಹಾಕಿಕೊಂಡ ಹೋಟೆಲಿನಲ್ಲಲ್ಲ. ಪಿಜ್ಜಾ, ಪಾಸ್ತಾ, ಸ್ಯಾಂಡ್‌ವಿಚ್‌ಗಳ ಜೊತೆ ಮೆನುವಿನ ಒಂದು ಪುಟವಾಗಿ. ಆದ್ದರಿಂದ ಹುಡುಕಾಟವನ್ನು ಕಾಲೇಜುಗಳೂ ತರುಣರ ಓಡಾಟವೂ ಇರುವ ಟಿಳಕವಾಡಿ, ಹಿಂದವಾಡಿ, ಕಾಲೇಜು ರಸ್ತೆ, ಕ್ಯಾಂಪ್ ಮತ್ತು ನೆಹರು ನಗರದ ಕಡೆಗಳಿಂದ ಆರಂಭಿಸುವುದು ಸರಿ. ಖಡೇಬಜಾರಿನಲ್ಲೋ ಗಣಪತಿ ಗಲ್ಲಿಯಲ್ಲೋ ಖರೀದಿಗೆ ಹೋದಾಗ ಇದನ್ನು ಹುಡುಕುವುದು ಸಮಯ ವ್ಯರ್ಥ. ಅಲ್ಲಿ ತಿನ್ನಬೇಕಾದದ್ದು ಬೇರೆಯೇ ಇದೆ.

ಮೊದಲು ಏನನ್ನು ಹುಡುಕುತ್ತಿದ್ದೇವೆಂದು ತಿಳಿದಿರಬೇಕು

ಭಾರತದ ಊರುಗಳಲ್ಲಿ ಮೆಕ್ಸಿಕನ್ ಎಂಬ ಹೆಸರಿನಲ್ಲಿ ಬರುವುದರಲ್ಲಿ ಬಹುಪಾಲು, ಮೆಕ್ಸಿಕೊದ ಗಡಿಗೆ ಹೊಂದಿದ ಅಮೆರಿಕದ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಬೆಳೆದ ಅಡುಗೆ. ಗರಿಗರಿಯಾದ ಚಿಪ್ಪಿನಂತಹ ಟ್ಯಾಕೊ, ಹಳದಿ ಚೀಸಿನ ಹೊದಿಕೆ, ಜೀರಿಗೆಯ ಗಾಢ ವಾಸನೆ, ಇವೆಲ್ಲ ಆ ಕಡೆಯ ಗುರುತುಗಳು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟ್ಯಾಕೊ ಬೆಲ್ ಈ ರೂಪವನ್ನು ಜಗತ್ತಿಗೆಲ್ಲ ಹಂಚಿತು. 2010ರಲ್ಲಿ ಅದರ ಮಳಿಗೆ ಬೆಂಗಳೂರಿಗೆ ಬಂದ ಮೇಲೆ ನಮ್ಮ ರಾಜ್ಯದ ಕೆಫೆಗಳಿಗೂ ಅದೇ ಮಾದರಿಯಾಯಿತು. ನಾಚೋಸ್‌ನ ಕಥೆಯೂ ಗಡಿಯ ಕಥೆಯೇ. ಮೆಕ್ಸಿಕೊದ ಗಡಿಯೂರು ಪಿಯೆದ್ರಾಸ್ ನೆಗ್ರಾಸ್‌ನಲ್ಲಿ 1943ರಲ್ಲಿ ಇಗ್ನಾಸಿಯೊ ಅನಾಯಾ ಎಂಬವರು, ಗಡಿ ದಾಟಿ ಬಂದ ಅಮೆರಿಕದ ಹೆಂಗಸರಿಗಾಗಿ ಅಡುಗೆಮನೆಯಲ್ಲಿ ಸಿಕ್ಕ ಟೋರ್ಟಿಯಾ ಚೂರು, ಚೀಸ್ ಮತ್ತು ಹಲಪೆನೊ ಮೆಣಸಿನಕಾಯಿಗಳನ್ನು ಕೂಡಿಸಿ ಬಿಸಿ ಮಾಡಿಕೊಟ್ಟರು. ಇಗ್ನಾಸಿಯೊ ಎಂಬ ಹೆಸರಿನ ಮುದ್ದಿನ ರೂಪ ನಾಚೊ. ಅದೇ ತಿನಿಸಿನ ಹೆಸರಾಗಿ ನಿಂತಿತು.

ಇದನ್ನು ಹೇಳುತ್ತಿರುವುದು ಗಡಿಯ ಅಡುಗೆಯನ್ನು ಕೀಳುಗಳೆಯಲು ಅಲ್ಲ. ಗಡಿಯಲ್ಲಿ ಎರಡು ಅಡುಗೆಗಳು ಕೂಡಿ ಮೂರನೆಯದು ಹುಟ್ಟುವುದನ್ನು ಬೆಳಗಾವಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಒಂದೇ ಊಟದಲ್ಲಿ ಜೋಳದ ರೊಟ್ಟಿ, ಝುಣಕ, ಮಿಸಳ ಎಲ್ಲಕ್ಕೂ ಜಾಗವಿದೆ. ಆದರೆ ಮೆಕ್ಸಿಕೊದ ಒಳನಾಡಿನ ಅಡುಗೆ ಬೇರೆಯೇ ಒಂದು ಲೋಕ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮಾನವ ಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರ ಮನಸ್ಸಿನಲ್ಲಿದ್ದದ್ದು ಗೋವಿನಜೋಳ (ಮೆಕ್ಕೆಜೋಳ), ಅವರೆಯ ಜಾತಿಯ ಕಾಳು ಮತ್ತು ಮೆಣಸಿನಕಾಯಿ ಎಂಬ ಮೂರರ ಮೇಲೆ ನಿಂತ ಹಳ್ಳಿಯ ಅಡುಗೆ. ನೀವು ಹೋಗುವ ಕೆಫೆ ಎರಡರಲ್ಲಿ ಯಾವುದನ್ನಾದರೂ ಮಾಡಬಹುದು. ಯಾವುದನ್ನು ಮಾಡುತ್ತಿದ್ದೇವೆಂದು ಅದಕ್ಕೆ ತಿಳಿದಿದೆಯೇ ಎಂಬುದೇ ಮುಖ್ಯ.

ಟೋರ್ಟಿಯಾ

ಉಳಿದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದು, ಆದ್ದರಿಂದ ಇದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಅದಕ್ಕಾಗಿಯೇ ನಮ್ಮ ಅವ್ವಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಅದರಲ್ಲಿ ಜಿಗುಟು ಬರಿಸಿ, ಬಿಸಿಯಿರುವಾಗಲೇ ನಾದಿ ಬಡಿಯುತ್ತಾರೆ. ಗೋವಿನಜೋಳದಲ್ಲೂ ಅದೇ ತೊಡಕಿದೆ, ಮೆಕ್ಸಿಕೊದವರು ಅದಕ್ಕೆ ಕಂಡುಕೊಂಡ ದಾರಿ ಮಾತ್ರ ಬೇರೆ. ಅವರು ಇಡೀ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಮರುದಿನ ತೊಳೆದು ಸಿಪ್ಪೆ ಕಳಚಿ, ಹಸಿಯಾಗಿಯೇ ರುಬ್ಬುತ್ತಾರೆ. ಹೀಗೆ ಹದಗೊಂಡ ಕಾಳಿಗೆ ನಿಕ್ಸ್ತಮಾಲ್ ಎಂದೂ ರುಬ್ಬಿದ ಹಿಟ್ಟಿಗೆ ಮಾಸಾ ಎಂದೂ ಹೆಸರು. ಸುಣ್ಣವು ಕಾಳಿನ ಹೊರಪದರವನ್ನು ಸಡಿಲಗೊಳಿಸಿ ಹಿಟ್ಟಿಗೆ ಹಿಡಿತ ಕೊಡುತ್ತದೆ. ಅಷ್ಟೇ ಅಲ್ಲ, ಕಾಳಿನಲ್ಲಿ ಬಂಧಿಯಾಗಿರುವ ನಿಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಮಾಡುತ್ತದೆ. ಗೋವಿನಜೋಳ ಯುರೋಪಿಗೆ ಹೋದಾಗ ಕಾಳು ಮಾತ್ರ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಅದನ್ನೇ ಮುಖ್ಯ ಆಹಾರ ಮಾಡಿಕೊಂಡ ಉತ್ತರ ಇಟಲಿಯ ಬಡವರಲ್ಲಿ ಪೆಲಾಗ್ರಾ ಎಂಬ ರೋಗ ಹರಡಿದ್ದು ಈ ಕೊರತೆಯಿಂದಲೇ.

ನಾನು ಇದನ್ನು ಮನೆಯಲ್ಲಿ ಮಾಡಿ ನೋಡಿದ ಮೇಲೆಯೇ ಕೆಫೆಗಳ ಟೋರ್ಟಿಯಾವನ್ನು ಧೈರ್ಯವಾಗಿ ಅಳೆಯತೊಡಗಿದೆ. ಒಂದು ಕಿಲೊ ಗೋವಿನಜೋಳಕ್ಕೆ 10 ಗ್ರಾಂನಷ್ಟು ಎಲೆ-ಅಡಿಕೆಯ ತಿನ್ನುವ ಸುಣ್ಣ, ಸ್ಟೀಲಿನ ಪಾತ್ರೆ, ಒಂದು ರಾತ್ರಿಯ ನೆನೆಸು, ಮರುದಿನ ಚೆನ್ನಾಗಿ ತೊಳೆದ ಮೇಲೆ ಗ್ರೈಂಡರಿನಲ್ಲಿ ಆದಷ್ಟು ಕಡಿಮೆ ನೀರು. ಅಲ್ಯೂಮಿನಿಯಂ ಪಾತ್ರೆ ಬಳಸಬಾರದು, ಸುಣ್ಣ ಅದನ್ನು ತಿನ್ನುತ್ತದೆ. ಹಂಚಿನ ಮೇಲೆ ಹಾಕಿದಾಗ ಬಂದ ವಾಸನೆ ನಮ್ಮ ರೊಟ್ಟಿಯದಲ್ಲ, ಮೆಕ್ಕೆ ತೆನೆ ಸುಟ್ಟದ್ದೂ ಅಲ್ಲ. ಮಳೆ ಬಿದ್ದ ಮಣ್ಣಿನ ನೆನಪು ತರುವ, ತುಸು ಸುಣ್ಣದ ಒಗರಿರುವ ಗಾಢವಾದ ವಾಸನೆ. ಒಮ್ಮೆ ಅದನ್ನು ಗುರುತಿಸಿದವರು ಮತ್ತೆ ಮರೆಯಲಾರರು. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಲ್ಲಿ ಗೋವಿನಜೋಳ ಧಾರಾಳವಾಗಿ ಬೆಳೆಯುತ್ತದೆ, ಆದರೆ ಅದರಲ್ಲಿ ಬಹುಪಾಲು ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ. ಅದರ ಒಂದು ಚೀಲವಾದರೂ ಊರಿನ ಕೆಫೆಯ ಹಂಚಿಗೆ ಬರಲಿ ಎಂಬ ಆಸೆ ನನಗಿದೆ.

ಈಗ ಕೆಫೆಯ ಮೇಜಿಗೆ ಬರೋಣ. ಬಿಸಿ ಟೋರ್ಟಿಯಾವನ್ನು ಅರ್ಧಕ್ಕೆ ಮಡಚಿದಾಗ ಮಡಿಕೆಯಲ್ಲಿ ಬಿರುಕು ಬಿಡಬಾರದು. ಅಲ್ಲಲ್ಲಿ ಕಂದು ಚುಕ್ಕೆಗಳಿರಬೇಕು; ಒಂದೇ ಸಮನಾದ ಬಿಳುಪು ಇದ್ದರೆ ಅದು ಪಾಕೀಟಿನಿಂದ ತೆಗೆದು ಬರಿದೆ ಬೆಚ್ಚಗೆ ಮಾಡಿದ್ದು. ಬಾಯಲ್ಲಿ ಗೋವಿನಜೋಳದ ಸಿಹಿ ಕಾಣಬೇಕು, ಹಿಟ್ಟು ಹಲ್ಲಿಗೆ ಮೆತ್ತಿಕೊಳ್ಳಬಾರದು. ಸಾದಾ ಮೆಕ್ಕೆಜೋಳದ ಹಿಟ್ಟನ್ನು ಎಸರು ಹಾಕಿ ನಾದಿ ಮಾಡಿದ ರೊಟ್ಟಿಯೂ ರುಚಿಯಾಗಿರಬಹುದು, ಆದರೆ ಅದು ಪಂಜಾಬದ ಮಕ್ಕಿ ರೊಟ್ಟಿಯ ದಾರಿ ಹಿಡಿದದ್ದು, ಮೆಕ್ಸಿಕೊದ ದಾರಿಯದಲ್ಲ. ಗಟ್ಟಿಯಾಗಿ ಕರಿದದ್ದೆಲ್ಲ ತಪ್ಪು ಎಂದೂ ತಿಳಿಯಬಾರದು. ನಮ್ಮಲ್ಲಿ ಮೆತ್ತನೆಯ ಬಿಸಿ ರೊಟ್ಟಿಯ ಜೊತೆ ಖಡಕ್ ರೊಟ್ಟಿಯೂ ಇರುವಂತೆ, ಅಲ್ಲಿ ಚಪ್ಪಟೆಯಾಗಿ ಗರಿಗರಿ ಮಾಡಿದ ತೊಸ್ತಾದಾ ಇದೆ. ತಪ್ಪಾಗುವುದು ಗರಿಗರಿ ಇರಬೇಕಾದದ್ದು ಮೆತ್ತಗಾದಾಗ. ಊರಿನ ಒಂದು ಕೆಫೆಯಲ್ಲಿ ನನಗೆ ಬಡಿಸಿದ ಟ್ಯಾಕೊದ ಚಿಪ್ಪು ಹಳೆಯ ಎಣ್ಣೆಯ ಕಮಟು ವಾಸನೆ ಹೊಡೆಯುತ್ತಿತ್ತು; ಒಳಗೆ ತಣ್ಣಗಿನ ರಾಜ್ಮಾ, ಮೇಲೆ ಟೊಮೆಟೊ ಕೆಚಪ್. ಜೊತೆಗೆ ಬಂದಿದ್ದ ನನ್ನ ತಾಯಿ ಅರ್ಧ ತಿಂದು ಕೆಳಗಿಟ್ಟು, ಮೆಕ್ಸಿಕೊದವರು ಇದನ್ನೇ ದಿನಾ ಉಣ್ಣುತ್ತಾರೆಯೇ ಎಂದು ಮರುಕದಿಂದ ಕೇಳಿದರು. ಆ ಪ್ರಶ್ನೆ ನನಗೆ ಬಹಳ ದಿನ ಚುಚ್ಚಿತು, ಏಕೆಂದರೆ ಅವರು ಉಣ್ಣುವುದು ಅದಲ್ಲ.

ಗೋಧಿಯ ಟೋರ್ಟಿಯಾವನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ, ಅದು ಸರಿಯಲ್ಲ. ಮೆಕ್ಸಿಕೊದ ಉತ್ತರ ಭಾಗ ಗೋಧಿ ಬೆಳೆಯುವ ನಾಡು, ಬುರ್ರಿಟೊ ಅಲ್ಲಿಯದೇ. ಆ ಭಾಗದ ಸೊನೋರಾ ರಾಜ್ಯದಲ್ಲಿ ಹಿಟ್ಟನ್ನು ಕೈಗಳ ಮೇಲೆ ತೂಗಿ ತೂಗಿ ಮೊಣಕೈ ದಾಟುವಷ್ಟು ಅಗಲಕ್ಕೆ ಹಿಗ್ಗಿಸಿ, ಉಬ್ಬಿದ ಹಂಚಿನ ಮೇಲೆ ಹಾಸಿ ಬೇಯಿಸುತ್ತಾರೆ. ಬೆಳಗಾವಿಯ ಮಾಂಡೆ ಮಾಡುವವರನ್ನು ನೋಡಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಅದೇ ಕೈಚಳಕ, ಅದೇ ಬೋರಲು ಹಾಕಿದ ಪಾತ್ರೆ. ಆದ್ದರಿಂದ ನಮ್ಮ ಕೆಫೆಯೊಂದು ಬುರ್ರಿಟೊಗೆ ತಾನೇ ಲಟ್ಟಿಸಿದ ತೆಳ್ಳಗಿನ ಗೋಧಿ ರೊಟ್ಟಿ ಬಳಸಿದರೆ ಅದನ್ನು ಪಾಕೀಟಿನ ಮೈದಾ ಹಾಳೆಗಿಂತ ಮೇಲೆಂದೇ ನಾನು ಎಣಿಸುತ್ತೇನೆ. ಕಚ್ಚಿದಾಗ ಅದು ರಬ್ಬರಿನಂತೆ ಎಳೆಯಬಾರದು, ಅಷ್ಟೇ.

ಮೆಣಸಿನಕಾಯಿ ಮತ್ತು ಸಾಲ್ಸಾ

ಮೆಣಸಿನಕಾಯಿ, ಟೊಮೆಟೊ, ಗೋವಿನಜೋಳ ಮೂರೂ ಅಮೆರಿಕ ಖಂಡದಿಂದ ಹಡಗೇರಿ ನಮಗೆ ಬಂದವು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಆ ಕರಾವಳಿಯೇ ಅವುಗಳ ಮುಖ್ಯ ಹೆಬ್ಬಾಗಿಲುಗಳಲ್ಲಿ ಒಂದಾಯಿತು. ಘಟ್ಟದ ಈಚೆ ನಾವು ಮೆಣಸಿನಕಾಯಿಯನ್ನು ಎಷ್ಟು ನಮ್ಮದಾಗಿಸಿಕೊಂಡೆವೆಂದರೆ, ಕೆಂಪು ಖಾರವಿಲ್ಲದ ರೊಟ್ಟಿಯೂಟವನ್ನು ಇಂದು ಊಹಿಸಲಾಗದು. ಈ ಕಾರಣದಿಂದ ಮೆಕ್ಸಿಕನ್ ಅಡುಗೆಯನ್ನು ಖಾರ ಎಷ್ಟಿದೆ ಎಂಬುದರಿಂದ ಅಳೆಯುವ ತಪ್ಪು ನಮ್ಮಿಂದ ಆಗುತ್ತದೆ. ಅಲ್ಲಿ ಮೆಣಸಿನಕಾಯಿಯ ಕೆಲಸ ಉರಿಸುವುದಷ್ಟೇ ಅಲ್ಲ, ಪರಿಮಳ ಮತ್ತು ಬಣ್ಣ ಕೊಡುವುದು. ಸಂಕೇಶ್ವರಿ ಬೇರೆ, ಬ್ಯಾಡಗಿ ಬೇರೆ ಎಂದು ನಾವು ತಿಳಿದಿರುವಂತೆ ಅವರಿಗೂ ಒಂದೊಂದಕ್ಕೆ ಒಂದೊಂದು ಕೆಲಸ: ಪೊಬ್ಲಾನೊ ಒಣಗಿದರೆ ಆಂಚೊ, ಹಲಪೆನೊ ಹಣ್ಣಾಗಿ ಹೊಗೆಯಲ್ಲಿ ಒಣಗಿದರೆ ಚಿಪೋತ್ಲೆ, ಯುಕತಾನಿನ ಕಡೆ ಉರಿಯುವ ಹಬನೇರೊ. ಗ್ವಾಹಿಯೊ ಎಂಬ ಒಣಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಸೌಮ್ಯ ಎಂಬ ಗುಣದಲ್ಲಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿಗೆ ಬಹಳ ಹತ್ತಿರ. ಆಮದು ಮೆಣಸಿನಕಾಯಿ ಸಿಗದ ಊರಿನಲ್ಲಿ ಬುದ್ಧಿವಂತ ಅಡುಗೆಯವರು ಬ್ಯಾಡಗಿಯನ್ನು ಹಂಚಿನ ಮೇಲೆ ಹದವಾಗಿ ಹುರಿದು, ಬಿಸಿ ನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ ಮತ್ತು ಸುಟ್ಟ ಟೊಮೆಟೊದೊಂದಿಗೆ ಅರೆಯುತ್ತಾರೆ. ಅಂತಹ ಸಾಲ್ಸಾ ಸಿಕ್ಕಿದ ಕಡೆ ನಿಶ್ಚಿಂತೆಯಿಂದ ಮುಂದಿನದನ್ನು ತರಿಸಬಹುದು.

ಸಾಲ್ಸಾ ಎಂದರೆ ರಂಜಕ, ಹಿಂಡಿ, ಚಟ್ನಿಗಳ ಕುಲ ಎಂದು ತಿಳಿದರೆ ಪರೀಕ್ಷೆ ಸುಲಭ. ಹೆಚ್ಚಿದ ಟೊಮೆಟೊ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ ಕೂಡಿದ ಪಿಕೊ ದೆ ಗಾಯೊ ನಮ್ಮ ಪಚಡಿಯ ಒಡಹುಟ್ಟು. ಅದು ಹೆಚ್ಚಿದ ಗಳಿಗೆಯಲ್ಲೇ ಚೆಂದ, ತಟ್ಟೆಯಲ್ಲಿ ನೀರು ಬಿಟ್ಟು ನಿಂತಿದ್ದರೆ ಬೆಳಗ್ಗೆಯದೆಂದು ತಿಳಿಯಬೇಕು. ನಿಂಬೆಯ ವಿಷಯದಲ್ಲಿ ನಮಗೆ ಭಾಗ್ಯವಿದೆ. ಮೆಕ್ಸಿಕೊದವರು ಟ್ಯಾಕೊದ ಮೇಲೆ ಹಿಂಡುವ ಸಣ್ಣ ನಿಂಬೆಯೂ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ತೋಟಗಳ ಕಾಗದಿ ನಿಂಬೆಯೂ ಒಂದೇ ಜಾತಿಯವು, ಆದ್ದರಿಂದ ಬಾಟಲಿಯ ನಿಂಬೆರಸ ಬಳಸುವ ಕೆಫೆಗೆ ಈ ಸೀಮೆಯಲ್ಲಿ ಯಾವ ನೆಪವೂ ಇಲ್ಲ. ವೆರಾಕ್ರೂಸ್ ಕಡೆಯ ಸಾಲ್ಸಾ ಮಾಚಾದಲ್ಲಿ ಒಣಮೆಣಸಿನಕಾಯಿ, ಶೇಂಗಾ, ಎಳ್ಳು, ಬೆಳ್ಳುಳ್ಳಿಗಳನ್ನು ಎಣ್ಣೆಯಲ್ಲಿ ಹುರಿದು ತರಿತರಿಯಾಗಿ ಅರೆಯುತ್ತಾರೆ. ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಂಡು ರೊಟ್ಟಿ ತಿನ್ನುವ ನಮಗೆ ಅದು ಮೊದಲ ನೋಟಕ್ಕೇ ಪರಿಚಿತ. ಪುಎಬ್ಲಾ, ಒಆಖಾಕಾಗಳ ಮೋಲೆ ಎಂಬ ಗಟ್ಟಿ ಮಸಾಲೆಯಂತೂ ಹಲವು ಬಗೆಯ ಮೆಣಸಿನಕಾಯಿ, ಎಳ್ಳು, ಶೇಂಗಾ, ಕೆಲವೊಮ್ಮೆ ತುಸು ಚಾಕೊಲೇಟ್ ಕೂಡಿ ಆಗುವಂಥದ್ದು. ಗುರೆಳ್ಳು-ಶೇಂಗಾ ಅರೆದು ಬದನೆಕಾಯಿ ಎಣ್ಣೆಗಾಯಿ ಮಾಡುವ ಮನೆಯವರಿಗೆ ಅದರ ತತ್ವ ಹೇಳದೆಯೇ ಗೊತ್ತಾಗುತ್ತದೆ. ಮೆನುವಿನಲ್ಲಿ ಇವುಗಳಲ್ಲಿ ಒಂದು ಹೆಸರು ಕಂಡರೂ ಆ ಅಡುಗೆಮನೆಯಲ್ಲಿ ಯಾರೋ ಓದಿ, ಪ್ರಯತ್ನಿಸಿದ್ದಾರೆಂದು ಅರ್ಥ. ಅದರ ಬದಲು ಎಲ್ಲದರ ಮೇಲೂ ಚಿಪೋತ್ಲೆ ಹೆಸರಿನ ಕಿತ್ತಳೆ ಬಣ್ಣದ ಮೇಯೊನೀಸ್ ಸುರಿದಿದ್ದರೆ, ಹೊಗೆಯ ವಾಸನೆ ಇದೆಯೇ ಎಂದು ಮೂಸಿ ನೋಡಿ. ಇಲ್ಲದಿದ್ದರೆ ಹೆಸರು ಮಾತ್ರ ಉಳಿದಿದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಾಳು ರಾಜ್ಮಾ ಆಗಿದ್ದರೆ ಅಡ್ಡಿಯಿಲ್ಲ, ಆದರೆ ಅದು ಬೆಂದು, ಮಸೆದು, ಉಳ್ಳಾಗಡ್ಡಿಯೊಂದಿಗೆ ಚೆನ್ನಾಗಿ ಹುರಿದು ಕೆನೆಯಂತಾಗಿರಬೇಕು. ಗರಂ ಮಸಾಲೆ ಹಾಕಿದ ರಾಜ್ಮಾ ಪಲ್ಯವನ್ನೇ ತುಂಬಿದರೆ ಅದು ದಿಲ್ಲಿಯ ಊಟ. ಪನೀರ್ ಬಗ್ಗೆ ನನಗೆ ತಕರಾರಿಲ್ಲ, ಏಕೆಂದರೆ ಮೆಕ್ಸಿಕೊದಲ್ಲೂ ಕರಗದ, ಪುಡಿಪುಡಿಯಾಗುವ ಹಸಿ ಚೀಸ್ ಇದೆ. ಟೋರ್ಟಿಯಾದಲ್ಲಿ ಚೀಸ್ ಇಟ್ಟು ಮಡಚಿ ಬೇಯಿಸುವ ಕೆಸಡಿಯಾಗೆ ಮಾತ್ರ ಎಳೆಎಳೆಯಾಗಿ ಕರಗುವ ಚೀಸ್ ಬೇಕು. ಸಂಸ್ಕರಿಸಿದ ಚೀಸಿನ ಹಾಳೆ ಅಲ್ಲಿ ಸಲ್ಲದು. ಹುಳಿ ಕೆನೆಯ ಜಾಗದಲ್ಲಿ ಶ್ರೀಖಂಡದ ಚಕ್ಕಾವನ್ನು ತುಸು ತೆಳುಮಾಡಿ ಕೊಡುವ ಕೆಫೆಯನ್ನು ನಾನು ಮೆಚ್ಚಿದ್ದೇನೆ. ಗ್ವಾಕಮೋಲೆಗೆ ಬೇಕಾದ ಬೆಣ್ಣೆಹಣ್ಣು ಮಳೆಗಾಲದ ಹೊತ್ತಿಗೆ ಕೊಡಗು, ಚಿಕ್ಕಮಗಳೂರಿನ ಕಡೆಯಿಂದ ಬರುತ್ತದೆ. ಅದನ್ನು ನೀವು ಹೇಳಿದ ಮೇಲೆ ಮಸೆಯಬೇಕು, ತುಸು ಗಂಟುಗಂಟಾಗಿರಬೇಕು. ಗಾಳಿ ತಾಗಿ ಕಪ್ಪಿಟ್ಟದ್ದು ಹಳತು, ಬಣ್ಣವೂ ಮಾಸದೆ ಪೂರ್ತಿ ನುಣುಪಾಗಿರುವುದು ಬಹುಶಃ ಪಾಕೀಟಿನದು.

ಹೋಗುವ ಮುನ್ನ, ಹೋದ ಮೇಲೆ

ಮೊಬೈಲಿನಲ್ಲಿ ಹುಡುಕುವಾಗ ಸರಾಸರಿ ಅಂಕವನ್ನು ನೋಡುವುದಕ್ಕಿಂತ ಗಿರಾಕಿಗಳೇ ತೆಗೆದ ಇತ್ತೀಚಿನ ಫೋಟೊಗಳನ್ನು ನೋಡುವುದು ಹೆಚ್ಚು ಉಪಯೋಗಿ. ದೀಪಗಳ ಅಲಂಕಾರ, ಗೋಡೆಯ ಚಿತ್ರ, ಐಸ್‌ಕ್ರೀಮಿನ ಫೋಟೊಗಳೇ ತುಂಬಿದ್ದು ಟ್ಯಾಕೊದ ಒಂದು ಚಿತ್ರವೂ ಇಲ್ಲದಿದ್ದರೆ ಜನ ಅಲ್ಲಿಗೆ ಹೋಗುವುದು ಬೇರೆ ಕಾರಣಕ್ಕೆ. ಚಿತ್ರವಿದ್ದರೆ ಅದನ್ನು ಹಿಗ್ಗಿಸಿ ಟೋರ್ಟಿಯಾದ ಚುಕ್ಕೆಗಳನ್ನು, ಸಾಲ್ಸಾದ ಬಣ್ಣವನ್ನು ನೋಡಿ. ಬರಹಗಳಲ್ಲಿ ಐದು ನಕ್ಷತ್ರ ಕೊಟ್ಟವರಿಗಿಂತ ಎರಡು ಮೂರು ಕೊಟ್ಟವರ ಮಾತಿನಲ್ಲಿ ವಿವರ ಹೆಚ್ಚಿರುತ್ತದೆ. ಆದರೆ ಖಾರ ಸಾಲದು ಎಂಬ ದೂರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ನಮ್ಮ ಕಡೆಯವರು ಅದನ್ನು ಎಲ್ಲದಕ್ಕೂ ಹೇಳುತ್ತೇವೆ.

ಮೆನುವನ್ನು ಓದುವುದರಲ್ಲಿ ಒಂದು ಸರಳ ಲೆಕ್ಕವಿದೆ. ಟ್ಯಾಕೊ, ಬುರ್ರಿಟೊ, ಎಂಚಿಲಾಡಾ, ಕೆಸಡಿಯಾ, ಬೌಲ್ ಎಂದು ಹೆಸರು ಬದಲಾಗುತ್ತ ಹೋದರೂ ಕೆಳಗಿನ ವಿವರದಲ್ಲಿ ರಾಜ್ಮಾ, ದೊಣ್ಣಮೆಣಸಿನಕಾಯಿ, ಸ್ವೀಟ್‌ಕಾರ್ನ್, ಚೀಸ್ ಇವೇ ನಾಲ್ಕು ಮರಳಿ ಬರುತ್ತಿದ್ದರೆ, ಒಂದೇ ಹೂರಣವನ್ನು ಐದು ಹೆಸರಿನಲ್ಲಿ ಮಾರಲಾಗುತ್ತಿದೆ. ಐದು ತಿನಿಸುಗಳಿಗೆ ಐದು ಬೇರೆ ಬೇರೆ ತಯಾರಿ ಇರುವ ಚಿಕ್ಕ ಪಟ್ಟಿಯೇ ಒಳ್ಳೆಯದು. ಮಾಂಸಾಹಾರಿಗಳು ಕೋಳಿಯ ತಿಂಗಾ ಇದೆಯೇ ನೋಡಿ: ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಕೋಳಿಯನ್ನು ಟೊಮೆಟೊ ಮತ್ತು ಚಿಪೋತ್ಲೆಯಲ್ಲಿ ಕುದಿಸಿದ್ದು ಅದು. ಹಲಿಸ್ಕೊ ರಾಜ್ಯದ ಬಿರ್ರಿಯಾ ಮೂಲತಃ ಆಡಿನ ಮಾಂಸದ ಅಡುಗೆ, ಮೆಣಸಿನಕಾಯಿಯ ರಸದಲ್ಲಿ ನಿಧಾನವಾಗಿ ಬೇಯುವಂಥದ್ದು. ಮಟನ್ ರಸದ ರುಚಿ ಬಲ್ಲ ಬೆಳಗಾವಿಯಲ್ಲಿ ಯಾರಾದರೂ ಅದನ್ನು ಮನಸ್ಸಿಟ್ಟು ಮಾಡಿದರೆ ಸಾಲುಗಟ್ಟಿ ನಿಲ್ಲುವವರಲ್ಲಿ ನಾನೂ ಒಬ್ಬ. ಕುಡಿಯಲು ಜಮಾಯ್ಕಾ ಎಂಬ ಕೆಂಪು ಪಾನಕ ಇದ್ದರೆ ತಪ್ಪದೆ ತರಿಸಿ. ನಾವು ಪಲ್ಯ ಮಾಡುವ ಪುಂಡಿಯ ಕುಲದ ಗಿಡದ ಕೆಂಪು ಪುಷ್ಪಪಾತ್ರೆಗಳನ್ನು ಕುದಿಸಿ ಮಾಡಿದ್ದಾದ್ದರಿಂದ ಆ ಹುಳಿ ನಾಲಗೆಗೆ ಹೊಸದೆನಿಸುವುದಿಲ್ಲ.

ಮೊದಲ ಸಲ ಹೋಗುವುದಾದರೆ ಶನಿವಾರ, ರವಿವಾರದ ಸಂಜೆ ಬೇಡ. ವಾರದ ನಡುವೆ, ಅಡುಗೆಯವರಿಗೆ ಮಾತನಾಡಲು ಪುರುಸೊತ್ತಿರುವ ಹೊತ್ತಿನಲ್ಲಿ ಹೋಗಿ, ಎಲ್ಲ ತಿನಿಸನ್ನೂ ರಾಶಿ ಹಾಕಿದ ದೊಡ್ಡ ತಟ್ಟೆಯನ್ನಾಗಲಿ ಸಿಜ್ಲರನ್ನಾಗಲಿ ತರಿಸದೆ, ಚಿಪ್ಸ್ ಜೊತೆ ಸಾಲ್ಸಾ ಮತ್ತು ಕಾಳಿನ ಮೆತ್ತನೆಯ ಟ್ಯಾಕೊ, ಈ ಎರಡನ್ನೇ ಹೇಳಿ. ಚಿಪ್ಸ್ ಎಣ್ಣೆಯ ಸ್ಥಿತಿಯನ್ನು ಹೇಳುತ್ತದೆ, ಸಾಲ್ಸಾ ಮೆಣಸಿನಕಾಯಿಯ ಜ್ಞಾನವನ್ನು, ಟ್ಯಾಕೊ ಹಿಟ್ಟು ಮತ್ತು ಕಾಳಿನ ಶ್ರದ್ಧೆಯನ್ನು. ತಿಂದ ಮೇಲೆ ನಾನು ಸಾಮಾನ್ಯವಾಗಿ ಬಡಿಸಿದವರನ್ನು ಕರೆದು, "ಅಣ್ಣಾರ, ಈ ಟೋರ್ಟಿಯಾ ಇಲ್ಲೇ ಮಾಡ್ತೀರೇನ್ರಿ, ಪಾಕೀಟಿಂದೇನ್ರಿ?" ಎಂದು ಸಮಾಧಾನವಾಗಿ ಕೇಳುತ್ತೇನೆ. "ಪಾಕೀಟಿಂದರೀ, ಆದ್ರ ಸಾಲ್ಸಾ ನಾವ ಅರೀತೀವ್ರಿ" ಎಂದು ಒಬ್ಬರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಉತ್ತರದ ಪ್ರಾಮಾಣಿಕತೆಗಾಗಿಯೇ ನಾನು ಅಲ್ಲಿಗೆ ಮತ್ತೆ ಹೋದೆ, ಮತ್ತು ಅವರ ಸಾಲ್ಸಾ ನಿಜಕ್ಕೂ ಚೆನ್ನಾಗಿತ್ತು. ಎರಡನೆಯ ಪ್ರಶ್ನೆ, ಉಳಿದ ಟೋರ್ಟಿಯಾವನ್ನು ಏನು ಮಾಡುತ್ತೀರಿ ಎಂಬುದು. ತಮ್ಮದೇ ಟೋರ್ಟಿಯಾ ಮಾಡುವ ಮೆಕ್ಸಿಕೊದ ಅಡುಗೆಮನೆಯಲ್ಲಿ ನಿನ್ನೆಯದನ್ನು ಚೂರು ಮಾಡಿ ಕರಿದು ಸಾಲ್ಸಾದಲ್ಲಿ ಹೊರಳಿಸಿ ಚಿಲಕೀಲೆಸ್ ಮಾಡುತ್ತಾರೆ, ನಮ್ಮ ಮನೆಗಳಲ್ಲಿ ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವಂತೆ. ಮುಂಜಾನೆಯ ತಿನಿಸಿನ ಪಟ್ಟಿಯಲ್ಲಿ ಚಿಲಕೀಲೆಸ್ ಇದ್ದ ಕೆಫೆಯನ್ನು ನಾನು ಉಳಿದವುಗಳಿಗಿಂತ ಮೊದಲು ಪರೀಕ್ಷಿಸುತ್ತೇನೆ.

ಶಾಕಾಹಾರಿಗಳು ಇನ್ನಷ್ಟು ಕೇಳಬೇಕು. ಮೆಕ್ಸಿಕೊದಲ್ಲಿ ಕಾಳನ್ನು ಹುರಿಯಲು ಹಂದಿಯ ಕೊಬ್ಬು ಬಳಸುವುದು ವಾಡಿಕೆ. ನಮ್ಮ ಊರಿನ ಕೆಫೆಗಳು ಎಣ್ಣೆಯನ್ನೇ ಬಳಸುತ್ತವೆಯಾದರೂ, ಹೊರದೇಶದ ಡಬ್ಬಿಯ ಕಾಳಾಗಿದ್ದರೆ ಡಬ್ಬಿಯ ಮೇಲಿನ ಹಸಿರು ಗುರುತನ್ನು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಕೋಳಿ ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತಾರೆಯೇ, ಹಂಚು ಒಂದೆಯೇ, ಮೇಯೊನೀಸಿನಲ್ಲಿ ಮೊಟ್ಟೆ ಇದೆಯೇ ಎಂಬುದನ್ನೂ ತರಿಸುವ ಮೊದಲೇ ಕೇಳಬೇಕು. ಬಿಲ್ಲಿನ ಮೇಲೆ ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಮುದ್ರಿಸುವುದು 2022ರ ಜನವರಿಯಿಂದ ಕಡ್ಡಾಯವಾಗಿದೆ. ಅದಿಲ್ಲದ ಕಡೆ ಬೇಯಿಸದ ಸಾಲ್ಸಾ ತಿನ್ನುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

ಮನೆಗೆ ತರಿಸಿಕೊಂಡ ಟ್ಯಾಕೊದಿಂದ ಯಾವ ಕೆಫೆಯನ್ನೂ ಅಳೆಯಬಾರದು. ಹಂಚಿನಿಂದ ಇಳಿದ ಕೆಲವೇ ನಿಮಿಷಗಳಲ್ಲಿ ಟೋರ್ಟಿಯಾ ಬೆವರಿ ಮೆತ್ತಗಾಗುತ್ತದೆ, ಡಬ್ಬಿಯೊಳಗೆ ನಾಚೋಸ್ ನೆನೆದು ಹೋಗುತ್ತದೆ. ದಾರಿಯನ್ನು ತಾಳಿಕೊಳ್ಳುವುದು ಬಿಗಿಯಾಗಿ ಸುತ್ತಿದ ಬುರ್ರಿಟೊ ಒಂದೇ. ಬಾಗಲಕೋಟೆ ಮತ್ತು ವಿಜಯಪುರದ ಓದುಗರಿಗೆ ಆಯ್ಕೆ ಇನ್ನೂ ಕಡಿಮೆ ಎಂಬುದು ನಿಜ. ಬಾಗಲಕೋಟೆಯಲ್ಲಿ ವಿದ್ಯಾಗಿರಿ, ನವನಗರದ ಕಡೆ, ವಿಜಯಪುರದಲ್ಲಿ ಕಾಲೇಜುಗಳ ಸುತ್ತಮುತ್ತ ನೋಡುವಾಗ ಹೆಸರಿಗಿಂತ ಹಂಚನ್ನು ನೋಡಿ. ರೊಟ್ಟಿ, ಚಪಾತಿಗಳನ್ನು ಚೆನ್ನಾಗಿ ಮಾಡುವ ಕೈ ಇರುವ ಕೆಫೆಯೇ ಟೋರ್ಟಿಯಾವನ್ನೂ ಸರಿಯಾಗಿ ಮಾಡಬಲ್ಲದು.

ಕೊನೆಯದಾಗಿ, ಒಮ್ಮೆ ಒಳ್ಳೆಯ ಕೈಯನ್ನು ಗುರುತಿಸಿದ ಮೇಲೆ ಮೆನುವಿನಲ್ಲಿ ಇಲ್ಲದ್ದನ್ನೂ ಕೇಳಬಹುದು. ನಾನು ಈಗ ಹೋಗುವ ಕೆಫೆಯಲ್ಲಿ ದಿನಾಲು ಸಿಗುವುದು ಗೋಧಿಯ ಟೋರ್ಟಿಯಾ ಮಾತ್ರ, ಆದರೆ ಅಲ್ಲಿನ ಅಡುಗೆಯವರಿಗೆ ಸುಣ್ಣದ ಪದ್ಧತಿ ತೋರಿಸಿಕೊಟ್ಟ ಮೇಲೆ, ಆರೆಂಟು ಜನ ಕೂಡಿ ಬರುವುದಾದರೆ ಗೋವಿನಜೋಳದ್ದನ್ನೂ ಮಾಡಿಕೊಡುತ್ತಾರೆ. ಅದಕ್ಕೆ ಹಿಂದಿನ ದಿನ ಮಧ್ಯಾಹ್ನದೊಳಗೆ ಫೋನ್ ಮಾಡಿ ಹೇಳಬೇಕು, ಏಕೆಂದರೆ ಕಾಳು ಕುದಿಯಲು ಒಂದು ತಾಸು, ನೆನೆಯಲು ಇಡೀ ರಾತ್ರಿ ಬೇಕು.